ಅಮ್ಮ ಲಾಡು ಮುಟ್ಟಿಲ್ಲ, ಶುಗರ್ ಏಕೆ ಏರಿತು?

ಪ್ರಶ್ನೆ: ಅಮ್ಮನಿಗೆ 62 ವರ್ಷ. ಸಕ್ಕರೆ ಕಾಯಿಲೆ ಮಾತ್ರೆಯಲ್ಲೇ ಹತೋಟಿಯಲ್ಲಿತ್ತು. ತಂಗಿಯ ಮದುವೆ ವಾರದಲ್ಲಿ ಖಾಲಿ ಹೊಟ್ಟೆಯ ಶುಗರ್ 120ರಿಂದ 190ಕ್ಕೆ ಹೋಯಿತು. ಕದ್ದು ಲಾಡು ತಿಂದಿರಬೇಕು ಅಂತ ಮನೆಯಲ್ಲಿ ಎಲ್ಲರ ಮಾತು. ಅಮ್ಮ ಇಲ್ಲ ಅಂತಾರೆ. ಬರೀ ಚಿಂತೆಗೆ ಶುಗರ್ ಏರುತ್ತದೆಯೇ?

ಉತ್ತರ: ಏರುತ್ತದೆ. ತಾಯಿಯ ಮಾತನ್ನು ನಂಬಿ.

ರಕ್ತಕ್ಕೆ ಸಕ್ಕರೆ ಬರುವುದು ಬಾಯಿಯಿಂದ ಮಾತ್ರವಲ್ಲ. ನಮ್ಮ ಲಿವರ್ ಒಂದು ಕಣಜ. ಸುಮಾರು 100 ಗ್ರಾಂ ಸಕ್ಕರೆಯನ್ನು ಗ್ಲೈಕೋಜೆನ್ ರೂಪದಲ್ಲಿ ಅದು ಕೂಡಿಟ್ಟಿರುತ್ತದೆ. ಆರೋಗ್ಯವಂತರ ಇಡೀ ರಕ್ತದಲ್ಲಿ ಇರುವ ಗ್ಲೂಕೋಸ್ ಸುಮಾರು 5 ಗ್ರಾಂ, ಒಂದು ಟೀ ಚಮಚದಷ್ಟು. ಹಾಗಾಗಿ ಕಣಜದ ಬಾಗಿಲು ತುಸು ತೆರೆದರೂ ಮೀಟರಿನ ಅಂಕಿ ಜಿಗಿಯುತ್ತದೆ. ಗಾಬರಿಯಾದಾಗ ಆ ಬಾಗಿಲು ತೆಗೆಯುವುದು ಅಡ್ರಿನಲಿನ್ ಎಂಬ ಹಾರ್ಮೋನು. ಹಾಗೆ ಹೊರಬರುವ ಸಕ್ಕರೆ ಓಡಿಹೋಗಲೋ ಹೊಡೆದಾಡಲೋ ಮೈಗೆ ಬೇಕಾಗುವ ಇಂಧನ. ಛತ್ರದ ಬಾಕಿ ಹೇಗೆ ತೀರಿಸುವುದೆಂದು ಮೂಲೆಯಲ್ಲಿ ಕೂತು ಕೊರಗುವ ತಾಯಿಗೆ ಆ ಇಂಧನ ಖರ್ಚಾಗುವುದೆಲ್ಲಿ? ಚಿಂತೆ ದಿನಗಟ್ಟಲೆ ಉಳಿದರೆ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು ಕೂಡ ಸೇರಿಕೊಳ್ಳುತ್ತದೆ. ಅದು ಲಿವರಿನಿಂದ ಹೊಸದಾಗಿ ಗ್ಲೂಕೋಸ್ ಮಾಡಿಸುತ್ತದೆ, ಇನ್ಸುಲಿನ್ನಿನ ಕೆಲಸವನ್ನೂ ಮಂದಗೊಳಿಸುತ್ತದೆ. ಉಳಿದವರ ಮೈ ಹೆಚ್ಚು ಇನ್ಸುಲಿನ್ ಸುರಿಸಿ ಸರಿದೂಗಿಸುತ್ತದೆ. ಸಕ್ಕರೆ ಕಾಯಿಲೆಯವರಿಗೆ ಆ ಶಕ್ತಿ ಕುಂದಿರುತ್ತದೆ.

ಇದು ಹೊಸ ಸಂಗತಿಯಲ್ಲ. ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ಮತ್ತು ಅವರ ಸಹೋದ್ಯೋಗಿ 1913ರಲ್ಲಿ ಹಾರ್ವರ್ಡ್ ಫುಟ್ಬಾಲ್ ತಂಡದ 25 ಮಂದಿಯ ಮೂತ್ರವನ್ನು ದೊಡ್ಡದೊಂದು ಪಂದ್ಯ ಮುಗಿದ ಕೂಡಲೇ ಪರೀಕ್ಷಿಸಿದರು. 12 ಮಂದಿಯಲ್ಲಿ ಸಕ್ಕರೆ ಕಂಡಿತು. ಅವರಲ್ಲಿ ಐವರು ಮೈದಾನಕ್ಕೆ ಇಳಿದೇ ಇರಲಿಲ್ಲ, ಬದಲಿ ಆಟಗಾರರಾಗಿ ಹೊರಗೆ ಕಾಯುತ್ತಿದ್ದವರು. ನಿಮ್ಮ ತಾಯಿಯೂ ಅಂಥ ಕಾತರದಲ್ಲೇ ಆ ವಾರ ಕಳೆದಿರಬೇಕು.

ಹಾಗೆಂದು ಎಲ್ಲವನ್ನೂ ಚಿಂತೆಯ ತಲೆಗೆ ಕಟ್ಟಲಾಗದು. ಮದುವೆ ಮನೆಯಲ್ಲಿ ನಿದ್ದೆ ಕೆಡುತ್ತದೆ, ಬೆಳಗಿನ ನಡಿಗೆ ತಪ್ಪುತ್ತದೆ, ಊಟ ಹೊತ್ತು ಮೀರುತ್ತದೆ, ಮಾತ್ರೆ ಮರೆತುಹೋಗುತ್ತದೆ. ನಿದ್ದೆಗೆಟ್ಟರೆ ಸಾಕು, ಇನ್ಸುಲಿನ್ನಿಗೆ ಮೈ ಸರಿಯಾಗಿ ಓಗೊಡುವುದಿಲ್ಲ. ಜ್ವರ, ಗಾಯ, ಸೋಂಕು ಕೂಡ ಶುಗರನ್ನು ಹೀಗೆಯೇ ಏರಿಸುತ್ತವೆ. ಟೈಪ್ 1 ಸಕ್ಕರೆ ಕಾಯಿಲೆ ಇರುವ ಕೆಲವರಿಗೆ ಒತ್ತಡದಲ್ಲಿ ಶುಗರ್ ಇಳಿಯುವುದೂ ಉಂಟು.

ಈಗ ಮೊದಲು ನಿಲ್ಲಬೇಕಾದ್ದು ಮನೆಯವರ ವಿಚಾರಣೆ. ದಿನಾ ಬೆಳಿಗ್ಗೆ ಮೀಟರ್ ಹಿಡಿದು ‘ಏನು ತಿಂದೆ’ ಎಂದು ಕೇಳಿದರೆ ಆ ಕಳವಳವೂ ಒತ್ತಡವೇ. ಅಂಕಿಯ ಪಕ್ಕದಲ್ಲಿ ಹಿಂದಿನ ರಾತ್ರಿ ಎಷ್ಟು ಹೊತ್ತು ನಿದ್ದೆ ಬಂತು, ಮನಸ್ಸಿಗೆ ಏನು ಹತ್ತಿತ್ತು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಗಲಾಟೆ ಮುಗಿದು ಎರಡು ವಾರವಾದರೂ ಅಂಕಿ ಇಳಿಯದಿದ್ದರೆ ಆ ಪುಸ್ತಕದೊಂದಿಗೆ ವೈದ್ಯರನ್ನು ಕಾಣಿ. ಮಾತ್ರೆಯನ್ನು ನೀವಾಗಿಯೇ ಹೆಚ್ಚಿಸಬೇಡಿ. ಮತ್ತೊಂದು ಮಾತು: ಬೆವರು, ನಡುಕ, ಎದೆ ಡವಡವ ಕಂಡಾಗ ‘ಟೆನ್ಷನ್ನು’ ಎಂದು ಸುಮ್ಮನಾಗಬೇಡಿ. ಶುಗರ್ ತೀರಾ ಇಳಿದಾಗಲೂ ಇವೇ ಲಕ್ಷಣ. ತಕ್ಷಣ ಪರೀಕ್ಷಿಸಿ, 70ಕ್ಕಿಂತ ಕಡಿಮೆಯಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿಗೆ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ.