ಗಡಿಯರಿಯದ ಅತಿಥಿ

ಕೋಲಾರವೆಂದೊಡನೆ ನೆನಪಿಗೆ ಬರುವುದು ಚಿನ್ನದ ಗಣಿ. ನೆಲದೊಳಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು ಮನುಷ್ಯನು ಅಲ್ಲಿ ಚಿನ್ನವನ್ನು ತೆಗೆದನು. 2001ರಲ್ಲಿ ಆ ಗಣಿಗಳು ಮುಚ್ಚಿದವು. ಆದರೆ ನೆರೆಯ ಬಂಗಾರಪೇಟೆ ತಾಲ್ಲೂಕಿನ ರೈತನು ನೆಲದ ಮೇಲೆ ಬೆಳೆಯುವ ಚಿನ್ನವೊಂದುಂಟು, ಅದೇ ರಾಗಿ. ಕಾಡಂಚಿನಲ್ಲಿ ಆ ಚಿನ್ನಕ್ಕೆ ಇರುಳೆಲ್ಲ ಕಾವಲು ಬೇಕು.

ಕಾಡುಪ್ರಾಣಿಗಳಿಗೂ ಮನುಷ್ಯರಿಗೂ ನಡೆಯುವ ಸಂಘರ್ಷವು ಸೀಮೆಗೊಂದು ರೂಪ ತಾಳುತ್ತದೆ. ದಾಂಡೇಲಿಯ ಕಾಳಿ ನದಿಯ ದಡದವರಿಗೆ ಮೊಸಳೆಯ ಭಯ. ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರದ ಕಡೆಯವರಿಗೆ ಆನೆಯ ಭಯ. ಈ ಸೀಮೆಗೆ ಒಂದು ಕಡೆ ಆಂಧ್ರಪ್ರದೇಶ, ಇನ್ನೊಂದು ಕಡೆ ತಮಿಳುನಾಡು. 1980ರ ದಶಕದಲ್ಲಿ ದಕ್ಷಿಣದ ಕಾಡುಗಳಿಂದ ಆನೆಗಳು ಆಂಧ್ರದ ಚಿತ್ತೂರು ಜಿಲ್ಲೆಗೆ ವಲಸೆ ಬಂದವು. ಅವುಗಳ ರಕ್ಷಣೆಗಾಗಿ 1990ರಲ್ಲಿ ಅಲ್ಲಿ ಕೌಂಡಿನ್ಯ ವನ್ಯಜೀವಿಧಾಮ ಏರ್ಪಟ್ಟಿತು. ಮನುಷ್ಯನು ಎಳೆದ ರಾಜ್ಯದ ಗಡಿಯನ್ನು ಆನೆಯು ಅರಿಯುವುದೇ? ಮೇವು ನೀರುಗಳಿದ್ದತ್ತ ಅದರ ಪಯಣ.

ಬೆಳೆದ ಆನೆಗೆ ದಿನಕ್ಕೆ ಸುಮಾರು 150 ಕಿಲೋಗ್ರಾಂ ಮೇವು ಬೇಕು. ಕಾಡಿನ ಒಣಹುಲ್ಲಿಗಿಂತ ಹಾಲುಗಟ್ಟಿದ ರಾಗಿಯ ತೆನೆ ಅದಕ್ಕೆ ರುಚಿಸುವುದು ಸಹಜ. ಹಿಂಡು ಒಮ್ಮೆ ಹೊಲವನ್ನು ಹೊಕ್ಕರೆ ತಿಂದುದಕ್ಕಿಂತ ತುಳಿದುದೇ ಹೆಚ್ಚು. ಆರು ತಿಂಗಳ ದುಡಿಮೆ ಒಂದೇ ಇರುಳಿನಲ್ಲಿ ಮಣ್ಣುಪಾಲು. ಆದ್ದರಿಂದಲೇ ರೈತನು ಚಳಿಯಲ್ಲಿ ಅಟ್ಟಣೆ ಏರಿ, ತಮಟೆ ಬಡಿದು, ಪಟಾಕಿ ಸಿಡಿಸಿ ಎಚ್ಚರವಾಗಿರುತ್ತಾನೆ. ಕತ್ತಲಲ್ಲಿ ಆನೆಗೆ ಎದುರಾದವರು ಪ್ರಾಣ ಕಳೆದುಕೊಂಡದ್ದುಂಟು. ಹೊಲದ ಬೇಲಿಗೆ ಹರಿಸಿದ ವಿದ್ಯುತ್ತು ತಗುಲಿ ಆನೆಗಳು ಸತ್ತದ್ದೂ ಉಂಟು. ಹಾಗೆ ವಿದ್ಯುತ್ತು ಹರಿಸುವುದು ಅಪರಾಧ. ಆ ತಂತಿ ಮನುಷ್ಯರನ್ನೂ ಕೊಲ್ಲುತ್ತದೆ.

ಇಲ್ಲಿ ತಪ್ಪು ಯಾರದು? ಹಸಿದ ಆನೆಯದೇ, ಬೆಳೆ ಕಾಯುವ ರೈತನದೇ? ಇಬ್ಬರೂ ಹೊಟ್ಟೆಗಾಗಿಯೇ ಹೊಲದಲ್ಲಿ ಎದುರಾಗುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಆನೆಗೆ ರಕ್ಷಣೆ ನೀಡಿದೆ. ಅದು ಯುಕ್ತವೇ ಸರಿ. 2023ರ ಗಣತಿಯ ಅಂದಾಜಿನಂತೆ ಕರ್ನಾಟಕದಲ್ಲಿ 6,395 ಆನೆಗಳಿದ್ದವು. ದೇಶದಲ್ಲೇ ಅತಿ ಹೆಚ್ಚು. ಇದು ನಾಡಿನ ಹೆಮ್ಮೆ. ಆದರೆ ಆ ಹೆಮ್ಮೆಯ ಬೆಲೆಯನ್ನು ತೆರುವವನು ಕಾಡಂಚಿನ ಬಡ ರೈತ. ಹೆಮ್ಮೆ ಎಲ್ಲರದಾದರೆ ಬೆಲೆಯೂ ಎಲ್ಲರದಾಗಬೇಡವೇ? ಬೆಳೆಯ ಪರಿಹಾರ ತಡವಿಲ್ಲದೆ ಕೈಸೇರಬೇಕು, ಆನೆಗಳ ಸುಳಿವು ಸಂಜೆಗೆ ಮುನ್ನವೇ ಹಳ್ಳಿಗೆ ತಲುಪಬೇಕು, ಕಾಡಿನೊಳಗೆ ಮೇವು ನೀರು ಉಳಿಯಬೇಕು, ನೆರೆರಾಜ್ಯಗಳು ಕೈಜೋಡಿಸಬೇಕು. 2025ರಲ್ಲಿ ಕರ್ನಾಟಕವು ಪಳಗಿದ ನಾಲ್ಕು ಕುಮ್ಕಿ ಆನೆಗಳನ್ನು ಆಂಧ್ರಕ್ಕೆ ಒಪ್ಪಿಸಿದ್ದು ಅಂಥ ಒಂದು ಹೆಜ್ಜೆ.

ಭಾದ್ರಪದದಲ್ಲಿ ಆನೆಯ ಮೊಗದ ಗಣಪನಿಗೆ ಕಡುಬು ನೀಡುವ ಕೈಯೇ ಕಾರ್ತಿಕದಲ್ಲಿ ಆನೆಯನ್ನಟ್ಟಲು ಪಂಜು ಹಿಡಿಯುತ್ತದೆ. ಆ ಕೈಗೆ ಆಸರೆಯಾಗದೆ ಆನೆಯನ್ನು ಮಾತ್ರ ಉಳಿಸಿಯೇವೆಂಬುದು ಬರಿಯ ಮಾತು.

ಅಭ್ಯಾಸ
1. ರಾಗಿಯನ್ನು ‘ನೆಲದ ಮೇಲೆ ಬೆಳೆಯುವ ಚಿನ್ನ’ ಎಂದು ಲೇಖಕರು ಏಕೆ ಕರೆದಿದ್ದಾರೆ?
2. ‘ಹೆಮ್ಮೆ ಎಲ್ಲರದಾದರೆ ಬೆಲೆಯೂ ಎಲ್ಲರದಾಗಬೇಡವೇ?’ ಸಂದರ್ಭದೊಡನೆ ವಿವರಿಸಿರಿ.
3. ಬಿಡಿಸಿ ಬರೆಯಿರಿ: ಕಾಡಂಚು, ಒಂದೊಡನೆ, ಆನೆಯನ್ನಟ್ಟು.