ಎರೆಯೋ, ಮಸಾರಿಯೋ?



"ಮಗನಿಗೆ ಹೆಣ್ಣಿನ ಕಡೆ ಮನಸ್ಸೇ ಇಲ್ಲ. ಅವನು ಬೇರೆಯೇ ಬಗೆಯ ಮನುಷ್ಯನೋ, ಮದುವೆ ಮಾಡಿದರೆ ಸರಿಹೋಗುತ್ತಾನೋ?" ಎಂದು ಕೇಳುವ ತಂದೆತಾಯಿಗಳಿದ್ದಾರೆ. ಇದರಲ್ಲಿ ತರ್ಕಶಾಸ್ತ್ರದ ಪ್ರಶ್ನೆಯೊಂದು ಅಡಗಿದೆ. ಲೈಂಗಿಕ ಒಲವುಗಳು ಬೇರೆ ಬೇರೆ ವರ್ಗಗಳೇ, ಒಂದೇ ಸಾಲಿನ ಹೆಚ್ಚುಕಡಿಮೆಗಳೇ?

1948ರಲ್ಲಿ ಅಮೆರಿಕದ ಆಲ್ಫ್ರೆಡ್ ಕಿನ್ಸಿ 0ಯಿಂದ 6ರವರೆಗಿನ ಅಳತೆಗೋಲನ್ನು ಮುಂದಿಟ್ಟರು. 0 ಎಂದರೆ ಅನ್ಯಲಿಂಗದತ್ತ ಮಾತ್ರ ಒಲವು, 6 ಎಂದರೆ ಸ್ವಲಿಂಗದತ್ತ ಮಾತ್ರ, ನಡುವೆಯೂ ಜನರಿದ್ದಾರೆ. 2019ರಲ್ಲಿ ಸುಮಾರು 4,70,000 ಜನರ ವಂಶವಾಹಿಗಳನ್ನು ಪರಿಶೀಲಿಸಿದ ವಿಜ್ಞಾನಿಗಳು, ಇದಕ್ಕೆ ಯಾವುದೋ ಒಂದು ವಂಶವಾಹಿ ಕಾರಣವಲ್ಲ, ಒಂದೇ ಅಳತೆಗೋಲೂ ಸಾಲದು ಎಂದರು.

ನಮ್ಮ ಮೋರಟಗಿ ಕಡೆಯ ರೈತನಿಗೆ ಇದು ಕಷ್ಟದ ಮಾತಲ್ಲ. ಎರೆ ಭೂಮಿ ಮುಗಿದು ಮಸಾರಿ ಎಲ್ಲಿ ಆರಂಭವಾಗುತ್ತದೆಂದು ಗೆರೆ ಎಳೆಯಲಾಗದು. ಹಾಗೆಂದು ಎರಡೂ ಒಂದೇ ಎನ್ನುವವರಿಲ್ಲ. ಗಡಿ ಮಸುಕಾಗಿದ್ದರೂ ಭೇದ ನಿಜ.

ಇಲ್ಲಿ ಎರಡು ತಪ್ಪು ತೀರ್ಮಾನಗಳಿಗೆ ಎಡೆಯುಂಟು.

ಮೊದಲನೆಯದು, "ಎಲ್ಲ ಒಂದೇ ಸಾಲು, ಮದುವೆಯಾದರೆ ಈ ಕಡೆಗೆ ಸರಿಯುತ್ತಾನೆ" ಎಂಬುದು. ಜನರು ಸಾಲಿನುದ್ದಕ್ಕೂ ಇದ್ದಾರೆಂದ ಮಾತ್ರಕ್ಕೆ ಒಬ್ಬನನ್ನು ಅದರ ಮೇಲೆ ತಳ್ಳಬಹುದೆಂದಲ್ಲ. ಒಲವನ್ನು ಬದಲಿಸುವ 'ಚಿಕಿತ್ಸೆ' ವೈದ್ಯರ ವೃತ್ತಿಗೆ ಸಲ್ಲದ ನಡತೆಯೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸಾರಿತು. ಬಲವಂತಕ್ಕೆ ಅಥವಾ ಘೋರ ಭಯಕ್ಕೆ ಒಳಗಾಗಿ ಮಾಡಿಕೊಂಡ ವಿವಾಹ ಧರ್ಮಸಭೆಯ ಕಾನೂನಿನ 1103ನೇ ವಿಧಿಯಂತೆ ಅಸಿಂಧು. ಏನೂ ಅರಿಯದೆ ಮನೆಗೆ ಬರುವ ಸೊಸೆಯ ಬಾಳನ್ನೂ ನೆನೆಯಿರಿ. ಅವಳೂ ಒಬ್ಬರ ಮಗಳೇ.

ಎರಡನೆಯದು, "ಇವನು ನಮ್ಮವನೇ ಅಲ್ಲ" ಎಂದು ಹೊರಗಿಡುವುದು. ಸಂತ ಥಾಮಸ್ ಅಕ್ವಿನಾಸರ ಹಾದಿಯಲ್ಲಿ ಹೇಳುವುದಾದರೆ, ಒಲವು ಮನುಷ್ಯನಲ್ಲಿರುವ ಒಂದು ಗುಣ. ಅದೇ ಅವನ ಸ್ವರೂಪವಲ್ಲ. 1986ರಲ್ಲಿ ಕಾರ್ಡಿನಲ್ ರಾಟ್ಜಿಂಗರ್ ಧರ್ಮಾಧ್ಯಕ್ಷರಿಗೆ ಬರೆದ ಪತ್ರವೂ ಮನುಷ್ಯನನ್ನು ಅವನ ಒಲವಿನ ಹೆಸರಿನಿಂದ ಗುರುತಿಸಲು ಒಪ್ಪುವುದಿಲ್ಲ. ದೇವರ ಸೃಷ್ಟಿ, ದೇವರ ಮಗು ಎಂಬುದೇ ಅವನ ಮೂಲ ಗುರುತು. 1992ರ ಕಥೋಲಿಕ ಧರ್ಮೋಪದೇಶ ಸಲಿಂಗ ಕ್ರಿಯೆಯನ್ನು ಒಪ್ಪದು, ನಿಜ. ಆದರೆ ಇಂಥವರನ್ನು ಗೌರವದಿಂದ, ಕರುಣೆಯಿಂದ ಸ್ವೀಕರಿಸಬೇಕು, ಅನ್ಯಾಯದ ಭೇದ ಸಲ್ಲದು ಎಂದು 2358ನೇ ಪರಿಚ್ಛೇದದಲ್ಲಿ ಬೋಧಿಸುತ್ತದೆ. ಮೊದಲ ಮಾತನ್ನು ಮಾತ್ರ ನೆನಪಿಟ್ಟು ಎರಡನೆಯದನ್ನು ಮರೆತರೆ, ನಾವು ಅರ್ಧ ಬೋಧನೆಯನ್ನಷ್ಟೇ ಕಲಿತಂತೆ.

ಆದ್ದರಿಂದ ತಂದೆತಾಯಿಗಳೇ, ಮಗ ಯಾವ ವರ್ಗ, ಎಷ್ಟನೇ ಅಂಕಿ ಎಂಬುದು ಪಂಡಿತರಿಗಿರಲಿ. ಅವನು ಬಾಯಿ ಬಿಟ್ಟು ಹೇಳಿದ ದಿನ ಎದ್ದು ಹೋಗಬೇಡಿ. ಕೇಳಿರಿ. ಅಂದು ರಾತ್ರಿಯೂ ಅವನ ತಟ್ಟೆ ಎಲ್ಲರ ತಟ್ಟೆಯ ಜೊತೆಗೇ ಇರಲಿ.

ಚಿಂತನೆಗೆ: ನಮ್ಮ ಮನೆಯಲ್ಲಿ ಮಕ್ಕಳು ಭಯವಿಲ್ಲದೆ ಸತ್ಯ ಹೇಳಬಲ್ಲರೇ?