ಕಟ್ಟೆ ತೆಗೆದ ನದಿಯೂ ಹತ್ತುವ ಮೀನುಗಳೂ
(ಪಾಠ: ಯೆಹೆಜ್ಕೇಲ ೪೭:೧-೧೨)

ಪ್ರವಾದಿಯು ದರ್ಶನದಲ್ಲಿ ಕಂಡ ನದಿಯಲ್ಲಿ ನೀರಿನೊಡನೆ ಮೀನುಗಳೂ, ದಡದಲ್ಲಿ ಬಲೆ ಹರವುವ ಬೆಸ್ತರೂ ಇದ್ದಾರೆ. ಆಲಂಕಾರಿನ ಮಗ್ಗುಲಲ್ಲಿ ಹರಿಯುವ ಕುಮಾರಧಾರೆಯ ನೀರು ಕುಡಿದು ಬದುಕುವ ನಮಗೆ ಇದು ದೂರದ ಮಾತಲ್ಲ. ಈ ಪಾಠವನ್ನು ನೆನಪಿಗೆ ತರುವ ಒಂದು ಸಂಗತಿಯು ನಮ್ಮ ಕಾಲದಲ್ಲಿಯೇ ಅಮೇರಿಕಾ ದೇಶದಲ್ಲಿ ನಡೆಯಿತು.

ಅಲ್ಲಿನ ವಾಷಿಂಗ್ಟನ್ ಸಂಸ್ಥಾನದಲ್ಲಿ ಎಲ್ವಾ ಎಂಬ ನದಿಯುಂಟು. ಸಾಲ್ಮನ್ ಎಂಬ ಮೀನು ಅದರಲ್ಲಿ ಹುಟ್ಟಿ, ಸಮುದ್ರಕ್ಕಿಳಿದು ಬೆಳೆದು, ಮೊಟ್ಟೆಯಿಡುವದಕ್ಕೆ ತಾನು ಹುಟ್ಟಿದ ಹೊಳೆಗೇ ತಿರಿಗಿ ಬರುತ್ತದೆ. ೧೯೧೩ರಲ್ಲಿ ವಿದ್ಯುಚ್ಛಕ್ತಿಗೋಸ್ಕರ ಅಲ್ಲಿ ಅಣೆಕಟ್ಟನ್ನು ಕಟ್ಟಿದವರು ಮೀನು ಹತ್ತುವದಕ್ಕೆ ದಾರಿಯಿಡಲಿಲ್ಲ. ೧೯೨೭ರಲ್ಲಿ ಅದರ ಮೇಲ್ಗಡೆ ಇನ್ನೊಂದನ್ನು ಕಟ್ಟಿದರು. ಮೀನಿಗೆ ಸಮುದ್ರದ ಬಳಿಯ ಸುಮಾರು ೫ ಮೈಲಿ ಮಾತ್ರ ಉಳಿಯಿತು. ನದಿಯ ಮುಖದಲ್ಲಿ ವಾಸಿಸುವ ಕ್ಲಾಲಮ್ ಎಂಬ ಮೂಲನಿವಾಸಿಗಳು ಆ ಮೀನನ್ನೇ ನಂಬಿದವರು.

೨೦೧೧ರಲ್ಲಿ ಕಟ್ಟೆಗಳನ್ನು ಒಡೆಯತೊಡಗಿ ೨೦೧೪ರಲ್ಲಿ ಮುಗಿಸಿದರು. ಮೊದಲು ಬಂದದ್ದು ಕೆಸರು. ಕಟ್ಟೆಗಳ ಹಿಂದೆ ಅಷ್ಟು ವರುಷ ತಂಗಿದ್ದ ಮಣ್ಣೂ ಮರಳೂ ಇಳಿದು ನದಿಯೆಲ್ಲಾ ಕದಡಿಹೋಯಿತು. ಆದಾಗ್ಯೂ ಕೆಳಗಣ ಕಟ್ಟೆ ಹೋದ ೨೦೧೨ರಲ್ಲಿಯೇ ಸಾಲ್ಮನ್ ಆ ಸ್ಥಳವನ್ನು ದಾಟಿ ಮೇಲಕ್ಕೆ ಹತ್ತಿತು. ಯಾರೂ ಅದಕ್ಕೆ ದಾರಿ ತೋರಿಸಲಿಲ್ಲ.

ಆದರೆ ನಾವು ಹೆಚ್ಚಾಗಿ ಗಮನಿಸತಕ್ಕದ್ದು ಕ್ಲಾಲಮ್ ಜನರ ತಾಳ್ಮೆಯನ್ನು. ಆ ನದಿಯಲ್ಲಿ ಮೀನು ಹಿಡಿಯಬಾರದೆಂದು ಅವರು ೨೦೧೧ರಲ್ಲಿ ಸರಕಾರದೊಡನೆ ಒಪ್ಪಿಕೊಂಡು, ತಮ್ಮ ಕಣ್ಣೆದುರಿಗೇ ಮೀನು ಹತ್ತುತ್ತಿರಲು ೧೨ ವರುಷ ಕೈಕಟ್ಟಿ ನಿಂತರು. ೨೦೨೩ರ ಅಕ್ಟೋಬರಿನಲ್ಲಿ ತಿರಿಗಿ ಸ್ವಲ್ಪವೇ ಹಿಡಿದರು.

ನಮ್ಮಲ್ಲಿಯೋ? ನಮ್ಮ ಕಿಂಡಿ ಅಣೆಕಟ್ಟುಗಳು ಕೆಟ್ಟವಲ್ಲ. ಬೇಸಿಗೆಯಲ್ಲಿ ತೋಟಕ್ಕೂ ಬಾವಿಗೂ ಅವುಗಳಿಂದ ನೀರುಂಟು. ಆದರೆ ಮಳೆಗಾಲಕ್ಕೆ ಮುಂಚೆ ಹಲಗೆ ತೆಗೆಯದೆ, ನಾಳೆ ನೋಡುವಾ ಎಂದು ಬಿಟ್ಟರೆ ನೆರೆಯು ದಡವನ್ನು ಕೊರೆಯುತ್ತದೆ, ಮೀನಿನ ದಾರಿಯೂ ಮುಚ್ಚಿರುತ್ತದೆ. ಹಲಗೆ ತೆಗೆದ ಮೇಲೆಯೂ, ಹೊಟ್ಟೆ ತುಂಬ ಮೊಟ್ಟೆಯುಳ್ಳ ಮೀನು ಹೊಳೆಯಿಂದ ತೋಡಿಗೂ ಗದ್ದೆಗೂ ಹತ್ತುವ ಮೊದಲ ಮಳೆಯ ರಾತ್ರಿ ಕತ್ತಿಯನ್ನೂ ಟಾರ್ಚನ್ನೂ ಹಿಡಿದು ಹೊರಡುವವರು ಯಾರು? ನಾವೇ ಅಲ್ಲವೇ? ಆ ಸಾರಿನ ರುಚಿಯನ್ನು ಇದನ್ನು ಬರೆಯುವ ನಾವೂ ಬಲ್ಲೆವು. ಇನ್ನು ತೋಟೆ ಹಾಕಿ, ವಿಷ ಬೆರಸಿ, ಮರಿಗಳ ಸಹಿತ ಕೊಲ್ಲುವದು ಕಾನೂನಿಗೂ ವಿರೋಧವಾಗಿದೆ. ನಮ್ಮ ಜಿಲ್ಲೆಯ ಶಿಶಿಲದಲ್ಲಿ ೧೯೯೬ರಲ್ಲಿ ವಿಷದಿಂದ ಸತ್ತು ತೇಲಿದ ಮೀನುಗಳನ್ನು ನೆನಸುವವರು ಇಂದಿಗೂ ಇದ್ದಾರೆ.

ಪಾಠದ ೧೧ನೆಯ ವಚನವನ್ನು ಬಿಟ್ಟು ಓದಬಾರದು. ಅಂಥಾ ನದಿಯ ಬದಿಯಲ್ಲಿಯೂ ವಾಸಿಯಾಗದೆ ಉಪ್ಪಾಗಿಯೇ ಉಳಿದ ಜೌಗುಗಳಿದ್ದವು. ಮುಂದಿನ ಮನೆಕೂಟದಲ್ಲಿ ಈ ವಚನವನ್ನು ವಿಚಾರಿಸಿ, ನಮ್ಮ ತೋಡಿನ ಹಲಗೆಗಳನ್ನು ಯಾವ ದಿವಸ ತೆಗೆಯುವದೆಂದೂ ಯಾವ ಯಾವ ಮನೆಯವರು ಬರುವರೆಂದೂ ಗೊತ್ತುಮಾಡೋಣ.